ಹದಿನೇಳು ರಿವೆಟ್ಟು

ಹರಾಜಿನಲ್ಲಿ ಕೊಂಡ ಹಳೆಯ ಆಂಬುಲೆನ್ಸು.
ಪಂಪಣ್ಣ ಎರಡು ಕೋಟು ಹಸಿರು ಬಳಿದರೂ
ಮೂತಿಯ ಮೇಲಿನ ತಿರುವುಮುರುವು ಅಕ್ಷರ
ಬಿಸಿಲು ನೆತ್ತಿಗೇರಿದಾಗ ಒಳಗಿಂದ ಎದ್ದು ಬರುತ್ತದೆ.
ಮುಂದಿನ ಲಾರಿಯವರು ಕನ್ನಡಿಯಲ್ಲಿ ಓದಿ ದಾರಿ ಬಿಡುತ್ತಾರೆ.
ನಾಚಿಕೊಂಡೇ ದಾಟುತ್ತೇವೆ.
ಹಿಂದಿನ ಗಾಜಿಗೆ ಮೂಗೊತ್ತಿ ನಿಂತ ಸಜ್ಜಿಯನ್ನು ಕಂಡ ಮೇಲೆ
ಅವರು ಏನು ಬೈಯುತ್ತಾರೋ, ಧೂಳಿಗೆ ಗೊತ್ತು.

ಸಿಂಧನೂರಿನ ಗಂಜಿನಲ್ಲಿ ಸಜ್ಜೆಯ ಚೀಲದ ಮೇಲೆ
ಮಲಗಿದ್ದವಳು. ಬಣ್ಣವೂ ಅದೇ.
ಬಾಗಿಲು ತೆರೆದಿತ್ತು, ಹತ್ತಿದಳು, ಇಳಿಯಲಿಲ್ಲ.

ಸ್ಟ್ರೆಚರ್ ಇದ್ದಲ್ಲಿ ಹಾಸಿಗೆ.
ಆಕ್ಸಿಜನ್ ನಿಲ್ಲಿಸುತ್ತಿದ್ದ ಬಳೆಯೊಳಗೆ ಅಡುಗೆ ಗ್ಯಾಸು.
ಸಲೈನಿನ ಕೊಕ್ಕೆಗೆ ನನ್ನ ಒದ್ದೆ ಸೀರೆ,
ಬೆಳ್ಳುಳ್ಳಿ ಗೊಂಚಲು, ನಾಯಿಯ ಹಗ್ಗ.

ಮಸ್ಕಿಯಲ್ಲಿ ಬಂಡೆಗೆ ಕಬ್ಬಿಣದ ಬಾಗಿಲು,
ಕಾವಲಿನವ ಊಟಕ್ಕೆ ಹೋಗಿದ್ದ.
ಸರಳಿನ ಸಂದಿಯಿಂದ ಇಣುಕಿದೆವು:
ಕಾಗೆಕಾಲು ಗುಬ್ಬಿಕಾಲು, ಎರಡು ಸಾವಿರ ಚಿಲ್ಲರೆ ವರ್ಷದ್ದು.
‘ಅಶೋಕನ ಹೆಸರು ಎಲ್ಲದ?’ ಅಂದ ಪಂಪಣ್ಣ.
ಮೂವತ್ತೊಂದು ವರ್ಷ ಪರೀಕ್ಷಾ ವಿಭಾಗದಲ್ಲಿ
ಯಾರ್ಯಾರದೋ ಕೈಬರಹ ಓದಿದವಳು ನಾನು,
ಸೋಲುವುದು ಹೇಗೆ? ಎಲ್ಲೋ ಒಂದು ಕಡೆ ಬೆರಳು ತೋರಿಸಿದೆ.
ಅವ ಕೈ ಮುಗಿದ.
ಸಜ್ಜಿ ಓತಿಕ್ಯಾತನ ಹಿಂದೆ ಗುಡ್ಡ ಹತ್ತಿದವಳು
ಒಂದು ತಾಸು ಬರಲಿಲ್ಲ.

ಮುದಗಲ್ಲಿನ ಕೋಟೆ ಇನ್ನೇನು ಕಂಡಿತು ಅನ್ನುವಾಗ
ಮುಂದಿನಿಂದ ಬಿಳಿ ಹಬೆ.
ಪಂಪಣ್ಣ ಅಡುಗೆ ಡಬ್ಬಿಯಿಂದ ಅರಿಶಿನ ತಂದು
ರೇಡಿಯೇಟರಿಗೆ ಸುರಿದ, ಎರಡು ಚಮಚ, ಮತ್ತೆರಡು.
ಸೋರಿದ್ದು ಅರಿಶಿನದ ನೀರು,
ಹಳದಿಯಾದದ್ದು ಸಜ್ಜಿಯ ಮೂಗು.

ಬೇವಿನ ಕೆಳಗೆ ಮುರ್ತುಜಾಸಾಬನ ಗ್ಯಾರೇಜು.
ನೋಡಿದ ಕೂಡಲೆ ‘ರೇಡಿಯೇಟರಲ್ಲ ತಾಯಿ, ಹೋಸ್ ಪೈಪು.
ಅರಿಶಿನ ಪಲ್ಯಕ್ಕ ಹಾಕ್ರಿ’ ಅಂದ.
ಪೈಪು ಬಿಗಿದು, ಕ್ಲಿಪ್ಪು ಹಾಕಿ, ಕೈ ಒರೆಸುತ್ತ
ಮೂತಿಯ ಅಕ್ಷರದ ಮುಂದೆ ನಿಂತ.
ಸುಮ್ಮನೆ ನಿಂತ.

‘ಒಳಗ ಒಂದೀಟು ಮಲಗ್ಲೇನ್ರಿ?’

ಏನು ಹೇಳುವುದು? ಸೀರೆ ಸರಿಸಿದೆ.
ಗ್ರೀಸಿನ ಅಂಗಿ ಬಿಚ್ಚಿಟ್ಟು, ಬನಿಯನ್ನಿನಲ್ಲಿ,
ನಮ್ಮ ಹಾಸಿಗೆಯ ಮೇಲೆ ಅಂಗಾತ.
ಲಿಂಗಸುಗೂರಿನಿಂದ ರಾಯಚೂರಿನವರೆಗೆ
ಆರು ವರ್ಷದ ಹಿಂದೆ, ಜಾಕು ಜಾರಿ ಎದೆಯ ಮೇಲೆ ಬಿದ್ದಾಗ,
‘ಕಣ್ ಮುಚ್ಚಬ್ಯಾಡ’ ಅಂದಳಂತೆ ನರ್ಸಮ್ಮ.
ಮುಚ್ಚದಿರಲು ಎಣಿಸಿದ್ದು ಮಾಡಿನ ರಿವೆಟ್ಟು.
ಹದಿನೇಳು. ಮತ್ತೆ ಹದಿನೇಳು. ದಾರಿ ಪೂರ್ತಿ ಹದಿನೇಳು.

ಈಗ ಬೆರಳೆತ್ತಿ ಎಣಿಸಿದ.
ಸಜ್ಜಿ ಹತ್ತಿ ಅವನ ಕಂಕುಳಲ್ಲಿ ಹಳದಿ ಮೂಗು ಇಟ್ಟಳು.
‘ಹದಿನಾರು,’ ಅಂದ. ಮತ್ತೆ ಎಣಿಸಿದ. ‘ಒಂದು ಕಮ್ಮಿ ಅದ.’

ಪಂಪಣ್ಣ ಗಂಟಲು ಸರಿಮಾಡಿಕೊಂಡು ಒಪ್ಪಿಕೊಂಡ:
ಫ್ಯಾನಿನ ವಯರಿಗೆ ತೂತು ಬೇಕಿತ್ತು, ಒಂದನ್ನು ಕಿತ್ತೆ.
ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದ.

ಮುರ್ತುಜಾಸಾಬ ಎದ್ದ. ಗೇಣುದ್ದ ಪಕ್ಕಕ್ಕೆ
ಹೊಸ ತೂತು ಕೊರೆದು ವಯರು ಅಲ್ಲಿಗೆ ಸರಿಸಿದ.
ಹಳೇ ತೂತಿಗೆ ಹೊಸ ರಿವೆಟ್ಟು, ಟಪ್.
ಪೈಪಿಗೆ ನಾಲ್ಕುನೂರ ಐವತ್ತು ತಗೊಂಡ,
ಒಂದು ರೂಪಾಯಿ ಬಿಡಲಿಲ್ಲ.
‘ರಿವೆಟ್ಟು ನಂದು’ ಅಂದ.

ಜಲದುರ್ಗ ಮುಟ್ಟುವಾಗ ಕತ್ತಲು.
ಕೋಟೆ ಕಾಣಲಿಲ್ಲ. ಕೃಷ್ಣೆ ಕಾಣಲಿಲ್ಲ,
ಕೆಳಗೆಲ್ಲೋ ಕಲ್ಲಿಗೆ ನೀರು ತಾಕುವ ಸದ್ದು.
ನಾಲ್ಕು ತಿಂಗಳಿಂದ ಇದೇ ಮಾಡಿನ ಕೆಳಗೆ ಮಲಗಿದ್ದೇನೆ,
ಒಂದು ದಿನವೂ ಮೇಲೆ ನೋಡಿರಲಿಲ್ಲ.
ಟಾರ್ಚು ಹಿಡಿದು ಎಣಿಸತೊಡಗಿದೆ.
ಹನ್ನೊಂದಕ್ಕೆ ಬಂದಾಗ ಸಜ್ಜಿ ನಿದ್ದೆಯಲ್ಲಿ ಕಾಲು ಝಾಡಿಸಿದಳು.
ಓತಿಕ್ಯಾತವೇ ಇರಬೇಕು.
ಎಣಿಕೆ ತಪ್ಪಿತು.

ಹೊಸದೊಂದೇ ಹೊಳೆಯುತ್ತಿತ್ತು.
ಟಾರ್ಚು ಆರಿಸಿದೆ. ಬೆಳಿಗ್ಗೆ ಮೊದಲು
ಕ್ಲಿಪ್ಪು ಸಡಿಲಾಗಿದೆಯೋ ನೋಡಬೇಕು.